ವರ್ನಾಳ ಎರಡನೇ ಜಿಂಕೆ

ಪೆನ್ಸಿಲ್ವೇನಿಯಾದ ನಮ್ಮೂರಲ್ಲಿ ಬೇಟೆ ಕೊಯ್ದುಕೊಡುವ ಮಾಂಸದಂಗಡಿಯ ಸಾಲಿನಲ್ಲಿ, ನನ್ನ ಮುಂದಿನ ಪಿಕಪ್ಪಿನಲ್ಲಿ ವರ್ನಾ ಹೊಡೆದ ಜಿಂಕೆಯಿತ್ತು. ಅವಳ ತಮ್ಮ ಕ್ಲೇಟನ್ ಅದರ ತಲೆ ತಡವಿ ಕೇಕೆ ಹಾಕಿದ.

“ಅಕ್ಕಾ, ಇದು ಗಂಡು! ವರ್ಷಕ್ಕೆ ಒಂದೇ ಗಂಡು ಹೊಡೀಬಹುದು, ನಿಂದು ಹೋದ ವಾರಾನೇ ಆಯ್ತು. ಸಿಕ್ಕಿಬಿದ್ದೆ!”

“ಕಿವಿ ನೋಡು. ಹೆಣ್ಣು ಹೊಡೆಯೋ ಪರ್ಮಿಟ್ ಚೀಟಿ ಕಟ್ಟಿದೀನಿ.”

“ಕೊಂಬಿರೋದಕ್ಕೆ ಹೆಣ್ಣಿನ ಚೀಟಿನಾ?”

“ಎರಡು ಕೊಂಬೂ ಮೂರು ಇಂಚಿಗಿಂತ ಗಿಡ್ಡ ಇದ್ರೆ ಕಾನೂನಿಗೆ ಅದು ಹೆಣ್ಣೇ ಕಣೋ ದಡ್ಡ. ತಗೋ ಟೇಪು, ನೀನೇ ಅಳತೆ ಮಾಡು.”

ಅವನು ಎರಡೆರಡು ಸಲ ಅಳೆದ.

“ಎರಡೂವರೆ.”

“ಜೋರಾಗಿ ಹೇಳು, ಹಿಂದಿನವರಿಗೂ ಕೇಳ್ಲಿ.”

“ಎರಡೂವರೆ!”

“ನಿನ್ನ ಚೀಟಿಗಳೆಲ್ಲಿ?”

“ಜೇಬಲ್ಲೇ ಇವೆ. ಈ ಸಲ ಒಂದೂ ಸಿಕ್ಕಿಲ್ಲ.”

ಅಂಗಡಿಯವನು ಒಳಗೆ ಕರೆದ. ವರ್ನಾ ಜಿಂಕೆಯ ಮುಂಗಾಲು ಹಿಡಿದು ತಮ್ಮನಿಗೆ ಹೇಳಿದಳು:

“ಹಿಂಗಾಲು ಹಿಡ್ಕೋ. ಭಾನುವಾರ ಊಟಕ್ಕೆ ಬಾ, ತಿನ್ನೋದಕ್ಕೆ ಸರ್ಕಾರ ಇನ್ನೂ ಮಿತಿ ಹಾಕಿಲ್ಲ.”