ಬಾಳಮ್ಮನ ಮೂರನೆಯ ಸಾಲು

ಹಲೋ… ಯಾರು ಮಾತಾಡೋದು? ನಿಷತ ಏನವಾ?… ಹಾಂ, ನಾನು, ಇಂಡಿ ತಾಲೂಕಿಂದ ರೇವಪ್ಪ ಮಾಸ್ತರ. ಮುದ್ದೇಬಿಹಾಳದಾಗ ಎಲ್ಲಾರೂ ಅರಾಮ?

…

ನನ್ನ ಅರಾಮ ಕೇಳಬ್ಯಾಡ. ಮೊನ್ನೆ ರವಿವಾರ ಸಿಂದಗಿ ಸಭಾದಾಗ ನಿನಗ ಶಾಲು ಹೊದಿಸಿದ್ದು ನೋಡಿದೆ. ಮೊದಲನೇ ಚಪ್ಪಾಳಿ ನನ್ನ ಕೈಯಾಗ ಕಲಿತ ಸಿಂದಗಿ ಶ್ರೀಶೈಲನದು. ನಾಕೂ ತಾಲೂಕಿನ ಕಂಪ್ಯೂಟರಿನಾಗ ಇಟ್ಟ ಹೆಣ್ಣುಮಕ್ಕಳ ಹಾಡಿನ ಫೈಲು ಒಂದಕ್ಕೊಂದು ಹೊಂದ್ಯಾವಿಲ್ಲೊ ಅಂತ ಹನ್ನೊಂದು ವರ್ಷ ಕಣ್ಣಿಲೆ ನೋಡಿದಾಂವ ನಾನು. ನನಗೊಂದು ಹೂವಿನ ಮಾಲಿನೂ ಇಲ್ಲ.

…

ಗೊತ್ತೈತಿ, ಗೊತ್ತೈತಿ. ಇಡೀ ಕಂಪ್ಯೂಟರನ್ನ, ನಮ್ಮ ಹಾಡಿನ ಸಮೇತ, ಒಂದು ಫೈಲಿನಾಗ ಅಡಕ ಮಾಡಿ ಇಟ್ಟೀದಿ. ಡಿಸ್ಕ್ ಇಮೇಜ್. ನಿನ್ನ ಪರೀಕ್ಷಾ ಅದರಿಂದ ನಾಕು ಸುಳ್ಳು ಕಂಪ್ಯೂಟರ ಎಬ್ಬಿಸಿ, ಒಂದರಾಗ ತಿದ್ದಿ, ಉಳಿದ ಮೂರಕ್ಕ ಮುಟ್ಟಿತಿಲ್ಲೊ ಅಂತ ತಾನೇ ನೋಡಕೋತೈತಿ. ಆಮ್ಯಾಲೆ ಖರೇ ಫೈಲುಗಳನ್ನೂ ತಾನೇ ಹೋಲಿಸ್ತೈತಿ. ನನ್ನ ಒಂದು ವಾರದ ಕೆಲಸ ಅದಕ್ಕ ಇಪ್ಪತ್ತು ಮಿನಿಟು. ಹೌದಿಲ್ಲೊ?

…

ಇವತ್ತು ಮುಂಜಾನೆ ಏನಂತು?… ಎಲ್ಲಾ ಸರಿ? ಹಾಂ! ಹಂಗಾದ್ರ ತಂಗಡಗಿ ಬಾಳಮ್ಮನ ಬೀಸುವ ಹಾಡು ತೆಗಿ. ಒಂಬತ್ತನೇ ನುಡಿ. ಎಷ್ಟು ಸಾಲು ಅದಾವು?

…

ಎರಡು! ತ್ರಿಪದಿಗೆ ಎರಡು ಸಾಲು ಇರ್ತಾವೇನವಾ? ಬಾಗೇವಾಡಿಯಾಗೂ ಎರಡೇ, ಸಿಂದಗಿಯಾಗೂ ಎರಡೇ! ನಿನ್ನ ಪರೀಕ್ಷಾ ಶಾಲು ಹೊದ್ದು ಮಲಗಿತ್ತೇನು?

…

ಏನಂದಿ? ನಾಕೂ ಒಂದೇ ನಮೂನಿ ಅದಾವಿಲ್ಲೊ ನೋಡೋದಷ್ಟೇ ಅದರ ಕೆಲಸ? ಹೂಂ. ಸಭಾದಾಗ ಯಾಕ ಹೇಳಲಿಲ್ಲ?… ಹೇಳಿದ್ಯಾ? ನಾ ಕೇಳಲಿಲ್ಲ. ಶ್ರೀಶೈಲನ ಮಾರಿ ನೋಡಾಕತ್ತಿದ್ದೆ.

…

ಮೂರನೇ ಸಾಲಾ? ನನಗ ಬಾಯಿಪಾಠ ಐತಿ, ಬರಕೊ. 'ಜ್ವಾಳ ಬೀಸುವ ಕೈಗೆ…' ಅಲ್ಲ. 'ಹೊಳಿಯಾಚಿ ಅಣ್ಣಯ್ಯ…' ಅದೂ ಅಲ್ಲ. ತಡಿ. ತಡಿಯವಾ…

…

ಕೈಬರಹದ ಪುಸ್ತಕ ಗೆದ್ದಲು ತಿಂದು ಎರಡು ವರ್ಷ ಆತು. ಬಾಳಮ್ಮ ಅದಕ್ಕೂ ಮೊದಲೇ ಹೋದಳು. ಬ್ಯಾರೆ ಎಲ್ಲಿ ಉಳದಿರತೈತಿ?

…

ನಿನ್ನ ಇಮೇಜಿನಾಗ? ಹೋದ ಶುಕ್ರವಾರ ಅಡಕ ಮಾಡಿದ್ದು? ಹಂಗಾದ್ರ ಅದರಾಗ ಮೂರೂ ಸಾಲು ಇರಬೇಕು! ನಾ ಅಳಿಸಿ… ಯಾರೋ ಅಳಿಸಿದ್ದು ಸೋಮವಾರ. ತೆಗಿಯವಾ, ಲಗೂನ!

…

ಹನ್ನೊಂದು ಗಂಟೆಕ್ಕ ತಾನಾಗೇ ಹಳೇದು ಹೋಗಿ ಇವತ್ತಿನದು ಕೂಡತೈತಾ? ಈಗ ಐದು ಮಿನಿಟು ಕಮ್ಮಿ ಐತಿ! ನಿಲ್ಲಿಸು ಅದನ್ನ!

…

ನಿಲ್ಲಿಸಾಕ ಕಾರಣ ಬರೀಬೇಕಾ? ಅದನ್ನ ಯಾರು ಓದ್ತಾರ?… ನಾಕೂ ತಾಲೂಕಿನವರು. ಶ್ರೀಶೈಲನೂ?

…

ಬರಿ. 'ಕಣ್ತಪ್ಪಿನಿಂದ ಒಂದು ಸಾಲು…' ಬ್ಯಾಡ. ಅದನ್ನ ತಗದ ಬಿಡು.

…

ಇದ್ದೇನಿ, ಇದ್ದೇನಿ. ಈಗ ಬರಿ, ನಡುವ ಮಾತಾಡಬ್ಯಾಡ. 'ನಿಷತಳ ಪರೀಕ್ಷೆಯನ್ನು ಎಲ್ಲರ ಮುಂದೆ ಸೋಲಿಸಬೇಕೆಂಬ ಹೊಟ್ಟೆಕಿಚ್ಚಿನಿಂದ, ಇಂಡಿಯ ರೇವಪ್ಪ ಮಾಸ್ತರನು ಬಾಳಮ್ಮನ ಸಾಲನ್ನು ತಾನೇ ಅಳಿಸಿದನು.' ಬರದ್ಯಾ?

…

ಅಳಬ್ಯಾಡ ಅಂತ ನನಗ ಹೇಳ್ತೀ ಏನು? ಗಡಿಯಾರ ನೋಡು ಮೊದಲ. ಹಳೇದು ಅಳಿಸೋದು ನಿಂತತಾ?

…

ಹಾಂ. ಸಿಕ್ಕತಾ? ಮೂರನೇದು? ಓದವಾ. ಸಾವಕಾಶ ಓದು, ಬರಕೋಳಾಕ ಕೂತೇನಿ… ಹಲೋ? ನಿಷತಾ? ಲೈನ್ ಹೋತೇನು? ಓದು, ನಾ ಕೇಳಾಕತ್ತೇನಿ… ಹಲೋ…