ಮೂಲೆಯ ವೃತ್ತದಲ್ಲಿ ಅಮ್ಮ

ಅಯ್ಯೋ, ನಿಧಾನ, ನಿಧಾನ! ಅಷ್ಟು ಬೇಗ ಬೇಗ ಕೈ ಆಡಿಸಿದ್ರೆ ನನಗೇನು ತಿಳಿಯುತ್ತೆ? ನಾನೇನು ನಿಮ್ಮಮ್ಮನಾ? ... ಹಾಂ, ಹಾಗೆ. ಒಂದೊಂದಾಗಿ. ‘ಕೊನೇದು’... ಸರಿ. ‘ಕೊನೇದು ಎಲ್ಲಿ?’ ಅದೇ ತಾನೇ ನೀನು ಕೇಳ್ತಿರೋದು? ಅದನ್ನೇ ಹೇಳಕ್ಕೆ ಹೊರಟೆ, ಅಷ್ಟರಲ್ಲಿ ನೀನು ಆ ಕಡೆ ತಿರುಗಿಬಿಟ್ಟೆ. ನನ್ನ ತುಟಿ ನೋಡು ಪುಟ್ಟಿ. ನೀನು ಮುಖ ತಿರುಗಿಸಿದ್ರೆ ನಾನು ಗೋಡೆ ಜೊತೆ ಮಾತಾಡಿದ ಹಾಗೆ.

ಅಮ್ಮನ ಕೊನೇ ವಾರ್ತೆ ಕಂಪ್ಯೂಟರಿಗೆ ಬರಲಿಲ್ಲ. ಅಷ್ಟೇ. ಬೀಗ.

ನಗ್ತೀಯಾ? ನಗು, ನಗು! ಊರಿನ ಬೀಗ ಎಲ್ಲಾ ತೆಗೆಯೋ ಅಪ್ಪನಿಗೆ ಒಂದು ಡಬ್ಬದ ಬೀಗ ತೆಗೆಯಕ್ಕಾಗಲಿಲ್ಲ ಅಂತ ತಾನೇ? ನನ್ನ ಅಂಗಡಿಗೆ ಬರೋ ಬೀಗಕ್ಕೆ ಒಂದು ತೂತಾದ್ರೂ ಇರುತ್ತೆ ಕಣೇ. ತಂತಿ ಹಾಕಿ, ಕಿವಿ ಕೊಟ್ಟು, ಮಗು ರಮಿಸಿದ ಹಾಗೆ ರಮಿಸಿದ್ರೆ ಬಾಯಿ ಬಿಡುತ್ತೆ. ಇದಕ್ಕೆ ತೂತೂ ಇಲ್ಲ, ಬಾಯೂ ಇಲ್ಲ.

ಈ ಸೆಟ್‌ಟಾಪ್ ಬಾಕ್ಸು ಮಹಾ ಜಿಪುಣ. ನಿಮ್ಮಮ್ಮನ ವಾರ್ತೆ ಬಂದ ಕೂಡಲೇ ತಾನೇ ತಾನಾಗಿ ರೆಕಾರ್ಡು ಮಾಡಿ ತುಂಬಿಸಿಕೊಳ್ತಿತ್ತು, ಆದ್ರೆ ಹೊಟ್ಟೇಲಿರೋದನ್ನ ಯಾರಿಗೂ ಕೊಡಲ್ಲ. ಎಚ್‌ಡಿ ಚಾನೆಲ್ಲಂತೆ, ನಕಲು ಮಾಡೋ ಹಾಗಿಲ್ಲವಂತೆ, ಅದಕ್ಕೆ ಕಂಪನಿಯೋರ ಬೀಗ. ವೈರು ತಂದು ಕಂಪ್ಯೂಟರಿಗೆ ಚುಚ್ಚಿದೆ, ಪರದೆ ಕಪ್ಪಗೆ ಕೂತುಬಿಡ್ತು. ಧ್ವನಿ ಮಾತ್ರ ಬರುತ್ತೆ! ವಾರ್ತೆ ಓದೋ ಆ ಟೈ ಕಟ್ಟಿದ ಆಸಾಮಿ ಗಂಟಲು ಗಂಟೆ ಹೊಡೆದ ಹಾಗೆ ಕೇಳಿಸುತ್ತೆ. ಅವನ ಗಂಟಲು ಕಟ್ಟಿಕೊಂಡು ನಮಗೇನಾಗಬೇಕು? ಪರದೆ ಮೂಲೆಯ ವೃತ್ತದಲ್ಲಿ ನಿಂತು ಅವನು ಹೇಳಿದ್ದನ್ನೆಲ್ಲ ನಿನ್ನಂಥೋರಿಗೆ ಕೈಯಲ್ಲಿ ಹೇಳ್ತಿದ್ದೋಳು ನಿಮ್ಮಮ್ಮ. ಧ್ವನಿ ಬಿಟ್ಟು ಚಿತ್ರ ಕಿತ್ಕೊಂಡ್ರೆ ಈ ಮನೆಗೆ ಉಳಿಯೋದೇನು ಹೇಳು?

ಆಮೇಲೆ ಹಳದಿ, ಕೆಂಪು, ಬಿಳಿ... ಆ ಹಳೇ ಮೂರು ಬಣ್ಣದ ವೈರು ಹಾಕಿದೆ. ಅದಕ್ಕೆ ಬೀಗ ಇಲ್ಲ, ಚಿತ್ರ ಬಂತು. ಎಂಥಾ ಚಿತ್ರ! ನಿಮ್ಮಮ್ಮನ ಐದು ಬೆರಳೂ ಸೇರಿ ಒಂದು ಸೌಟು! ‘ಅಮ್ಮ ಏನು ಹೇಳ್ತಿದಾಳೆ ಅಂತಾನೇ ಗೊತ್ತಾಗ್ತಿಲ್ಲ ಅಪ್ಪ, ಸರಿಯಾಗಿರೋದು ಕಳಿಸು’ ಅಂತ ಅಮ್ಮ ಹೋದ ಮೇಲೆ ನೀನೇ ಹಾಸ್ಟೆಲಿಂದ ಬರೆದಿದ್ದೆಯಲ್ಲ. ಅದಾದ ಮೇಲೆ ಸಿಕ್ಕಿದ್ದು ಆ ಪುಟ್ಟ ಡಬ್ಬಿ. ಬೆಂಕಿಪೊಟ್ಟಣದಷ್ಟು. ಮೊದಲನೇ ವೈರಿನ ಮಧ್ಯೆ ಸೇರಿಸಿದ್ರೆ ಸಾಕು, ಬಾಕ್ಸಿಗೆ ಕಂಪ್ಯೂಟರೂ ಟೀವೀನೇ ಅನ್ನಿಸಿ ಬೀಗ ಬಿಟ್ಟುಬಿಡುತ್ತೆ. ಕಳ್ಳನಿಗೊಂದು ಪಿಳ್ಳೆ ನೆವ ಅಂತ ನಿಮ್ಮಮ್ಮ ಇದ್ದಿದ್ರೆ ಬೈಯೋಳು. ಬಂದವು, ಒಂದೊಂದಾಗಿ ಎಲ್ಲಾ ಬಂದವು. ಉಗುರಿನ ಅಂಚು ಕೂಡ ಕಾಣೋ ಹಾಗೆ. ಎಲ್ಲಾ ನಿನಗೆ ಕಳಿಸಿದೆನಲ್ಲ.

ಏನು? ... ‘ಅದೇ ಡಬ್ಬಿ ಹಾಕಿ ಇದನ್ನೂ ತೆಗಿ’ ಅಂತಾನಾ? ಅದು... ಸುಟ್ಟುಹೋಯ್ತು. ಹೂಂ. ವಾಸನೇನೂ ಬಂತು. ಆ ಮೂರು ಬಣ್ಣದ ವೈರಿನ ಜೊತೆಗೇ ಬಿಸಾಕಿದೆ. ಇನ್ನೊಂದು ತರೋಣ ಅಂದ್ರೆ ಇವತ್ತು ಮಧ್ಯಾಹ್ನವೇ ಕಂಪನಿಯೋರು ಬರ್ತಾರೆ, ಈ ಹಳೇ ಬಾಕ್ಸು ವಾಪಸ್ ತಗೊಂಡು ಹೋಗ್ತಾರೆ. ಟೀವೀನೂ ಕೆಟ್ಟು ಕೂತಿದೆ... ಏನು, ಜೇಬಾ? ಜೇಬಲ್ಲಿ ಉಬ್ಬಿರೋದಾ? ಕೀಲಿಕೈ ಗೊಂಚಲು ಕಣೇ! ಬೀಗದ ಅಂಗಡಿಯೋನ ಜೇಬಲ್ಲಿ ಇನ್ನೇನಿರುತ್ತೆ, ಮಲ್ಲಿಗೆ ಹೂವಾ?

ನಗಲಿಲ್ಲ ನೀನು.

ಏನು, ‘ಅಮ್ಮ ಆಗ ರಜೆ ಅಂದಿದ್ದೆಯಲ್ಲ’ ಅಂತಾನಾ? ಹೂಂ... ರಜೆ. ರಜೆ ಅಂತಾನೇ ಬರೆದಿದ್ದೆ ನಿನಗೆ. ‘ಅಮ್ಮ ಈ ವಾರ ರಜೆ, ವಾರ್ತೇಲಿ ಬೇರೆಯೋರು ಬರ್ತಾರೆ, ಟೀವಿ ಮುಂದೆ ಕೂರಬೇಡ, ಪರೀಕ್ಷೆಗೆ ಓದ್ಕೋ’ ಅಂತ. ಸುಳ್ಳಲ್ಲ. ರಜೇನೇ. ಮಧ್ಯೆ ಒಂದು ದಿನ ಕರೆಸಿಕೊಂಡ್ರು, ಹೋಗಿದ್ಲು. ಯಾರು ಹೇಳಿದ್ದು ನಿನಗೆ? ... ಮೇಕಪ್ ಮಾಡೋ ಅಕ್ಕನಾ? ನಿನ್ನೆ ಬಂದಾಗಲಾ? ನನ್ನ ಟೀ ಮಾಡಕ್ಕೆ ಕಳಿಸಿ ನಿಮ್ಮಿಬ್ಬರ ಗುಸುಗುಸು ಇದೇನಾ! ಅವಳೂ ಕೈಮಾತು ಕಲಿತುಬಿಟ್ಲಾ? ಸ್ಟುಡಿಯೋ ಪೂರ್ತಿ ಕಲಿತಿದೆ, ನಾನೊಬ್ಬ ದಡ್ಡ ಉಳಿದೆ.

ನನಗೆ ಎಲ್ಲಿ ಬಿಟ್ರಿ ನೀವು? ಊಟಕ್ಕೆ ಕೂತ್ರೆ ಅಮ್ಮ ಮಗಳು ಬೆರಳಲ್ಲೇ ಹರಟೆ ಹೊಡ್ಕೊಂಡು ಬಿದ್ದು ಬಿದ್ದು ನಗೋರು. ನಾನು ‘ಏನು, ಏನು?’ ಅಂತ ಇಬ್ಬರ ಮುಖಾನೂ ನೋಡೋನು. ‘ಆಮೇಲೆ ಹೇಳ್ತೀನಿ’ ಅನ್ನೋಳು. ಆ ಆಮೇಲೆ ಬರಲೇ ಇಲ್ಲ. ನನಗೆ ಬರೋದು ಊಟ, ನಿದ್ದೆ, ಬಾ, ಹೋಗು. ಆಮೇಲೆ ನಿನಗೆ ಅಂತ ಅವಳು ಇಟ್ಟ ಹೆಸರು. ಕಿರುಬೆರಳು ಕೆನ್ನೆಗೆ, ನಿನಗೆ ಗುಳಿ ಬೀಳೋ ಜಾಗಕ್ಕೆ. ಅಷ್ಟೇ ನನ್ನ ವಿದ್ಯೆ.

ನಂಬಿಕೆ ಇಲ್ಲವಾ? ಸರಿ, ಬಾ. ಕೂತ್ಕೋ ಕಂಪ್ಯೂಟರ್ ಮುಂದಿನ ಕುರ್ಚೀಲಿ. ನಿನ್ನ ಕಣ್ಣಾರೆ ನೋಡು. ಹಾಕ್ತೀನಿ ನೋಡು ಕೊನೇದು... ನೋಡಿದ್ಯಾ? ಕಪ್ಪು. ಕಾಡಿಗೆ ಬಳಿದ ಹಾಗೆ. ನಾನು ಹೇಳಲಿಲ್ಲವಾ? ... ಕಾಯ್ತೀಯಾ? ಕಾದ್ರೆ ಬರುತ್ತಾ ಅಂತಾನಾ? ಕಾಯಿ. ಮುಗಿಯೋವರೆಗೂ ಕೂತಿರು ಬೇಕಾದ್ರೆ. ನಾನಿಲ್ಲೇ ಹಿಂದೆ ನಿಂತಿರ್ತೀನಿ. ಉಶ್... ಈ ಕಿಟಕಿ ಬಿಸಿಲು ಸರಿಯಾಗಿ ನನ್ನ ಮುಖಕ್ಕೇ ಹೊಡೀತಿದೆ.

...

ಪುಟ್ಟಿ.

ಕೇಳಲ್ಲ ನಿನಗೆ. ಬೆನ್ನು ನನ್ನ ಕಡೆ. ಹೀಗೇ ಇರು ಸ್ವಲ್ಪ ಹೊತ್ತು.

ಆಟದ ಸುದ್ದಿ ಓದ್ತಿದಾನೆ ಅವನು. ಇದಾದ ಮೇಲೆ ಹವಾಮಾನ. ಚಿತ್ರ ಇಲ್ಲದಿದ್ರೂ ಎಲ್ಲೆಲ್ಲಿ ಏನು ಅಂತ ನನಗೆ ಬಾಯಿಪಾಠ ಆಗಿದೆ. ಎಷ್ಟು ಸಲ ನೋಡಿದೀನಿ... ಡಬ್ಬಿ ಸುಟ್ಟಿಲ್ಲ ಕಂದ. ಜೇಬಲ್ಲಿದೆ.

ನಿಮ್ಮಮ್ಮ ರಜೆ ಹಾಕಿರಲಿಲ್ಲ. ಒಂದು ದಿನಾನೂ ಹಾಕಿರಲಿಲ್ಲ. ಆ ವಾರದ್ದು ಯಾವುದನ್ನೂ ನಾನು ನಿನಗೆ ಕಳಿಸಲಿಲ್ಲ, ಅಷ್ಟೇ. ಕೆನ್ನೆ ಒಳಗೆ ಹೋಗಿತ್ತು, ಮಣಿಕಟ್ಟು ಕಡ್ಡಿ ಆಗಿತ್ತು. ನೀನು ನೋಡಿದ್ರೆ ಒಂದೇ ಏಟಿಗೆ ಕಂಡುಹಿಡಿತಿದ್ದೆ. ಪರೀಕ್ಷೆ ಬಿಟ್ಟು ಓಡಿ ಬರ್ತಿದ್ದೆ. ಮುಗಿಯೋವರೆಗೂ ಹೇಳಬಾರದು ಅಂತ ನಾನೇ ಹಟ ಹಿಡಿದೆ, ಅವಳು ಹೂಂ ಅಂದ್ಲು. ಆದ್ರೆ ನಿನಗೆ ಟೀವಿ ನೋಡಬೇಡ ಅಂತ ಬರೆದಿದ್ದನ್ನ ಮಾತ್ರ ಅವಳಿಗೆ ಹೇಳಲಿಲ್ಲ. ಬೇಜಾರು ಮಾಡ್ಕೋತಾಳೆ ಅಂತ. ನೀನು ದಿನಾ ನೋಡ್ತೀಯ ಅನ್ನೋ ಆಸೆಯಲ್ಲೇ ಅವಳು ಎದ್ದು ಹೋಗ್ತಿದ್ದಿದ್ದು.

ಬಾಯಲ್ಲಿ ಹೂಂ ಅಂದಿದ್ಲು. ಕೈ ಒಪ್ಪಲಿಲ್ಲ ಪುಟ್ಟಿ.

ವಾರ್ತೆ ಮುಗಿದು ಅವನು ಕಾಗದ ಜೋಡಿಸಿಕೊಳ್ತಾನಲ್ಲ, ಆಗ ಮೂಲೆಯ ವೃತ್ತ ಒಂದು ಉಸಿರಿನಷ್ಟು ಹೊತ್ತು ಹಾಗೇ ಉಳಿಯುತ್ತೆ. ಆ ಒಂದು ಉಸಿರಲ್ಲಿ... ಅವತ್ತು ನಾನು ಇದೇ ಮನೇಲಿ ತಟ್ಟೆ ಹಿಡ್ಕೊಂಡು ನೋಡ್ತಿದ್ದೆ. ನನಗೆ ಬರೋ ನಾಲ್ಕು ಮಾತಲ್ಲೇ ಹೇಳಬೇಕಾ ಅವಳು? ಬೇರೆ ಏನಾದ್ರೂ ಹೇಳಿದ್ರೆ ನನಗೆ ತಿಳೀತಾನೇ ಇರಲಿಲ್ಲ. ದಡ್ಡ ಅಂತ ಬಚಾವ್ ಆಗ್ತಿದ್ದೆ.

ನಮ್ಮ ಕಸುಬಲ್ಲಿ ಒಂದು ಮಾತಿದೆ. ಯಜಮಾನರು ಎದುರಿಗೆ ನಿಲ್ಲದೆ ಬೀಗ ಮುಟ್ಟಬಾರದು. ಇಷ್ಟು ವರ್ಷ ಮುಟ್ಟಿಲ್ಲ ನಾನು. ಅದು ನಿನ್ನದು. ನಿನಗೆ ಕಳಿಸಿದ್ದು. ನಾನು ತೆಗೆದು ನೋಡಿ, ಮತ್ತೆ ಬೀಗ ಹಾಕಿ ಇಟ್ಟುಬಿಟ್ಟೆ. ಇನ್ನೇನು ಪರೀಕ್ಷೆ ಮುಗಿಯುತ್ತಲ್ಲ, ಆಮೇಲೆ ಕರೆಸಿದ್ರಾಯ್ತು ಅಂತ. ಅವಳು ಅಷ್ಟು ಹೊತ್ತು ಕಾಯಲ್ಲ ಅಂತ ಯಾರಿಗೆ ಗೊತ್ತಿತ್ತು?

ಆಸ್ಪತ್ರೇಲಿ ಹಾಸಿಗೆ ಬಾಗಿಲ ಕಡೆ ತಿರುಗಿಸಿ ಅಂದ್ಲು. ಯಾಕೆ ಅಂತ ನಾನು ಕೇಳಲಿಲ್ಲ. ಹೊರಗೆ ಯಾರ ಚಪ್ಪಲಿ ಸದ್ದಾದ್ರೂ ತಲೆ ಎತ್ತೋಳು. ನರ್ಸು ಬಂದ್ರೆ ಮತ್ತೆ ದಿಂಬಿಗೆ. ಒಂದೇ ಸಲ ಕೇಳಿದ್ಲು, ‘ಅವಳು ವಾರ್ತೆ ನೋಡಿರ್ತಾಳೆ, ಅಲ್ವಾ?’ ಅಂತ. ನಾನು... ನಾನು ‘ನೋಡಿರ್ತಾಳೆ, ದಿನಾ ನೋಡ್ತಾಳಲ್ಲ’ ಅಂದೆ. ಅವಳ ಸಮಾಧಾನಕ್ಕೆ ಅಂದೆ ಕಂದ! ಅಂದ ಮೇಲೆ ಹೊಳೀತು ನಾನು ಏನಂದೆ ಅಂತ. ನೀನು ನೋಡಿದೀಯ... ನೋಡಿಯೂ ಬರಲಿಲ್ಲ ಅಂತ ತಾನೇ ಅವಳು... ಬಾಯಿಂದ ಬಿದ್ದ ಮಾತು. ಹೇಗೆ ಎತ್ಕೊಳ್ಳಲಿ? ಆಮೇಲೆ ಅವಳು ಬಾಗಿಲ ಕಡೆ ನೋಡಲಿಲ್ಲ.

ಅಳಿಸಿಬಿಡೋಣ ಅಂತ ರಿಮೋಟಿನ ಗುಂಡಿ ಮೇಲೆ ಬೆರಳಿಟ್ಟು ಕೂತಿದ್ದೆ. ಆಗಲಿಲ್ಲ. ಬಾಕ್ಸು ಕಂಪನಿಯೋರೇ ತಗೊಂಡು ಹೋಗಲಿ, ಅವರ ಕೈಲಿ ಹೋದ್ರೆ ನಾನು ಅಳಿಸಿದ ಹಾಗಲ್ಲವಲ್ಲ ಅಂದ್ಕೊಂಡೆ. ನಿನಗೆ ಗೊತ್ತಾದ್ರೆ ನನ್ನ ಕ್ಷಮಿಸ್ತೀಯೋ ಇಲ್ಲವೋ, ಅದು ಬಿಡು. ನಿನ್ನ ನೀನು ಕ್ಷಮಿಸ್ಕೊಳ್ಳಲ್ಲ. ‘ಅಮ್ಮ ಕರೆದಳು, ನಾನು ಬರಲಿಲ್ಲ’ ಅಂತ ಜೀವನ ಪೂರ್ತಿ... ಅದಕ್ಕಿಂತ ಈ ಕಪ್ಪೇ ವಾಸಿ ಅಲ್ವಾ?

ಹಾಂ... ಹವಾಮಾನ ಆಯ್ತು. ‘ನಾಳೆ ಮತ್ತೆ ಭೇಟಿಯಾಗೋಣ’ ಅಂದ. ಈಗ. ಈ ಕಪ್ಪಿನ ಒಳಗೆ, ಆ ಮೂಲೇಲಿ, ಈಗ ನಿಮ್ಮಮ್ಮ... ಹೀಗೆ. ಕಿರುಬೆರಳು ಕೆನ್ನೆಗೆ. ಆಮೇಲೆ, ಹೀಗೆ... ಬಾ. ಮತ್ತೆ... ಬಾ.

...

ಪುಟ್ಟಿ? ನಿನ್ನ ಬೆರಳು ಯಾಕೆ ಕೆನ್ನೆಗೆ ಹೋಯ್ತು?

ತಿರುಗು ಈ ಕಡೆ. ಮುಗೀತು, ಎದ್ದೇಳು. ಏನೂ ಇಲ್ಲ, ನಾನು ಸುಮ್ಮನೆ ಕೆನ್ನೆ ಕೆರ್ಕೊಂಡೆ... ಯಾಕೆ ಆ ಕಪ್ಪನ್ನೇ ನೋಡ್ತಿದೀಯ? ಅದರಲ್ಲಿ ಏನು... ಅಯ್ಯೋ.

ಬಿಸಿಲು. ಗಾಜಿನಲ್ಲಿ ನಾನು ಕಾಣ್ತಿದೀನಿ. ಕನ್ನಡೀಲಿ ಕಂಡ ಹಾಗೆ, ತುಟಿ, ಕೈ, ಎಲ್ಲಾ... ಯಾವಾಗಿಂದ ನೋಡ್ತಿದೀಯ? ಮೊದಲಿಂದಾನಾ? ಆಸ್ಪತ್ರೇದು... ಬಾಗಿಲಿಂದು...? ತಲೆ ಆಡಿಸು. ಹೂಂ ಅನ್ನು, ಊಹೂಂ ಅನ್ನು, ಏನಾದ್ರೂ...

ಏನು ಕೈ ಚಾಚಿದೀಯ? ... ಹೂಂ. ಗೊತ್ತಾಯ್ತು, ಡಬ್ಬಿ. ತಗೋ. ಬೇಡ, ನಾನೇ ಹಾಕ್ತೀನಿ. ಈ ಕಡೆಯಿಂದ ಇದು... ಇನ್ನೊಂದು ಸಲ ಕೊನೇದು...

ಬಂತು. ನೋಡು, ಬಣ್ಣ ಬಂತು. ಅವತ್ತು ಉಟ್ಟಿದ್ದ ನೀಲಿ ಸೀರೆ.

...

ಇನ್ನೊಂದು ಸಲ ಹಾಕಲಾ? ... ಹಾಕ್ತೀನಿ. ಎಷ್ಟು ಸಲ ಬೇಕಾದ್ರೂ ಹಾಕ್ತೀನಿ. ಕಂಪ್ಯೂಟರಿಗೂ ತುಂಬಿಸ್ತಿದೀನಿ, ನಿನ್ನದೇ ಇನ್ನು. ಈ ಕಡೆ ತಿರುಗು ಪುಟ್ಟಿ, ಬೈಯಿ ನನ್ನ. ಎಷ್ಟು ಬೇಗ ಬೇಗ ಬೇಕಾದ್ರೂ ಬೈಯಿ, ನಿಧಾನ ಅನ್ನಲ್ಲ ನಾನು, ಎಲ್ಲಾ ತಿಳ್ಕೊಳ್ತೀನಿ. ಕೈ ಎತ್ತು ಮಗಳೇ. ಮಡಿಲಲ್ಲಿ ಹಾಗೆ ಇಟ್ಕೊಂಡು ಕೂರಬೇಡ.