ಸ್ಕ್ರೂಡ್ರೈವರ್ ಒಪ್ಪಿಸಿದ್ದು

ಎಲೆಕ್ಟ್ರಿಷಿಯನ್ ಪರೀಕ್ಷೆಗೆ ಅರ್ಜಿ ಕೊಡುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ ಇದ್ದರು, ಒಬ್ಬ ಅತ್ತಿಗೆ ಮತ್ತು ಅವರ ನಾದಿನಿ.

“ಮೋಟಾರ್ ಪಾಠ ತೆಗೆದ್ರೆ ಸಾಕು ಅತ್ತಿಗೆ, ಬೇರೆ ಕೆಲಸ ನೆನಪಾಗುತ್ತೆ.”

“ನಿನ್ನೆ ಏನು ನೆನಪಾಯ್ತು?”

“ನಮ್ಮ ಮಿಕ್ಸಿ. ಬಿಚ್ಚಿ ಸರಿ ಮಾಡ್ದೆ.”

“ಆಮೇಲಾದ್ರೂ ಓದಿದ್ಯಾ?”

“ಆಮೇಲೆ ಪಕ್ಕದ ಮನೆ ಫ್ಯಾನು, ಮೇಲಿನ ಮನೆ ನೀರಿನ ಪಂಪು.”

“ಅವುಗಳ ಹೊಟ್ಟೇಲಿರೋದೂ ಮೋಟಾರೇ ಅಲ್ವೇನೇ!”

“ಹೂಂ. ಬರೆಯೋ ಪರೀಕ್ಷೇಲಿ ಮೂರು ಸಲ ಫೇಲಾದೆ. ನಮ್ಮ ಬೀದೀಲಿ ಮಾತ್ರ ಕೆಟ್ಟ ಮೋಟಾರ್ ಒಂದೂ ಉಳಿದಿಲ್ಲ.”

“ಈ ಸಲ ಫೋನ್ ನನ್ನ ಕೈಗೆ ಕೊಟ್ಟು ಓದೋಕೆ ಕೂರು.”

“ಫೋನಲ್ಲ, ಇದನ್ನ ಇಟ್ಕೊಳ್ಳಿ,” ಎಂದು ನಾದಿನಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಟ್ಟಳು.

ಅಷ್ಟರಲ್ಲಿ ಗುಮಾಸ್ತರ ತಲೆ ಮೇಲಿನ ಫ್ಯಾನು ಕಿರುಗುಟ್ಟಿ ನಿಂತಿತು.

“ಒಂದೇ ನಿಮಿಷ ಅದನ್ನ ಕೊಡಿ ಅತ್ತಿಗೆ.”

ನಾದಿನಿ ಹತ್ತಿದ ಕುರ್ಚಿ ಅಲುಗದಂತೆ ಹಿಡಿಯಲು ಅತ್ತಿಗೆಯೂ ಹೋದರು. ಸಾಲಿನಲ್ಲಿ ಈಗ ನಾನೇ ಮೊದಲು.